ಎಡ ಮಡ್‌ಗಾರ್ಡಿನ ನೆಗ್ಗು

ಥ್ರಾಪ್ಲಿ ಎಂಬ ನಮ್ಮ ಸಣ್ಣ ಊರಿನ ಸಭ್ಯ ಗಂಡಸರು ಒಬ್ಬರ ಮುಖ ಒಬ್ಬರು ನೋಡದ ಹಾಗೆ ಮಾಡಿದ ಆ ನೆಗ್ಗು ಅರ್ಧ ಬಟಾಣಿಗಿಂತ ದೊಡ್ಡದಿರಲಿಲ್ಲ. ಅದು ಇದ್ದದ್ದು ಅಂಗೈಯಗಲದ ಪ್ಲಾಸ್ಟಿಕ್ ಯುದ್ಧದ ಕಾರೊಂದರ ಮಡ್‌ಗಾರ್ಡಿನ ಮೇಲೆ. ಆ ಕಾರು ಇದ್ದದ್ದು ಸಿರಿಲ್ ಬಟರ್‌ವರ್ತ್ ಎಂಬ ಬಡಪಾಯಿಯ ಊಟದ ಮೇಜಿನ ಮೇಲೆ. ಆ ಮೇಜು ಎಲ್ಲಿತ್ತೆಂದು ಮಾತ್ರ ಮನೆಯವರಿಗೂ ಖಾತರಿಯಿರಲಿಲ್ಲ. ಸುತ್ತಲೂ ಪುಸ್ತಕ.

ಎಲ್ಲವೂ ಯುದ್ಧದ ಸಚಿತ್ರ ಪುಸ್ತಕಗಳು. ಭೂಮಿಯ ಮೇಲೆ ಉರುಳಿದ ಪ್ರತಿಯೊಂದು ಟ್ಯಾಂಕಿಗೂ ಒಂದು ಪುಸ್ತಕ, ಆ ಟ್ಯಾಂಕಿನ ಬೋಲ್ಟುಗಳಿಗೆ ಒಂದು ಪುಸ್ತಕ, ಆ ಬೋಲ್ಟುಗಳಿಗೆ ಬಳಿದ ಹಸಿರು ಯಾವ ಹಸಿರು ಎಂದು ಇಬ್ಬರು ಪಂಡಿತರು ಕಿತ್ತಾಡಿ ಬರೆದ ಎರಡು ಪುಸ್ತಕ. ಮೆಟ್ಟಿಲುಗಳ ಮೇಲೆ ನೌಕಾಪಡೆ ಬೀಡುಬಿಟ್ಟಿತ್ತು. ಬಚ್ಚಲಲ್ಲಿ ವಿಮಾನಗಳು. ಮಹಡಿಯ ಸಣ್ಣ ಕೋಣೆಯ ತುಂಬ ಭೂಸೇನೆ ಎಷ್ಟು ಒತ್ತಾಗಿತ್ತೆಂದರೆ ಒಳಗೆ ಹೋದವನು ತಿರುಗಲಾರದೆ ಹಿಮ್ಮುಖವಾಗಿಯೇ ಹೊರಗೆ ಬರಬೇಕಿತ್ತು. ಆ ಭಾರಕ್ಕೆ ಬಟರ್‌ವರ್ತ್ ಮನೆ ಬೀದಿಯ ಉಳಿದ ಮನೆಗಳಿಗಿಂತ ಒಂದು ಗೇಣು ಕೆಳಗೆ ಇಳಿದಿತ್ತು. ಪೋಸ್ಟ್‌ಮನ್ ಬಗ್ಗಿ ಗಂಟೆ ಒತ್ತುತ್ತಿದ್ದ. ನಂಬದವರು ಬಂದು ಅಳತೆಪಟ್ಟಿ ಹಿಡಿದು ನೋಡಬಹುದು.

ಗ್ಯಾಸ್ ಕಂಪನಿಯಿಂದ ನಿವೃತ್ತನಾಗಿದ್ದ ಸಿರಿಲ್‌ಗೆ ಈ ಪುಸ್ತಕಗಳು ಓದುವುದಕ್ಕಲ್ಲ, ನೋಡಿ ನೋಡಿ ಅಂಟಿಸುವುದಕ್ಕೆ. ಅವನು ಪ್ಲಾಸ್ಟಿಕ್ ತುಂಡು ಜೋಡಿಸಿ ಯುದ್ಧದ ಗಾಡಿಗಳ ಪುಟ್ಟ ಮಾದರಿ ಕಟ್ಟುವವನು. ನಮ್ಮ ಥ್ರಾಪ್ಲಿ ಮಾದರಿಗಾರರ ಕ್ಲಬ್ಬಿನಲ್ಲಿ ಒಂದೇ ಧರ್ಮ. ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ವಾರ್ಷಿಕ ಪ್ರದರ್ಶನದಲ್ಲಿ ಪ್ರತಿಯೊಂದು ಮಾದರಿಯ ಪಕ್ಕದಲ್ಲಿ ಅದಕ್ಕೆ ಆಧಾರವಾದ ಪುಸ್ತಕ ತೆರೆದಿಟ್ಟಿರಬೇಕು. ತೀರ್ಪುಗಾರರಾದ ಮೇಜರ್ ಟಾಲಿವರ್ ಭೂತಗನ್ನಡಿ ಹಿಡಿದು ಪುಸ್ತಕ ನೋಡುತ್ತಾರೆ, ಮಾದರಿ ನೋಡುತ್ತಾರೆ, ಮತ್ತೆ ಪುಸ್ತಕ ನೋಡುತ್ತಾರೆ. ಒಮ್ಮೆ ಯಾರೋ ಶ್ರೀಮಂತ ಅಭಿಮಾನಿ ಪ್ರದರ್ಶನದ ಹಾಲಿನ ಅಂಗಳಕ್ಕೆ ನಿಜವಾದ ಟ್ಯಾಂಕನ್ನೇ ಓಡಿಸಿಕೊಂಡು ಬಂದಿದ್ದ. ಮೇಜರ್ ಪುಸ್ತಕ ಹಿಡಿದು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಪ್ರಯತ್ನ ಚೆನ್ನಾಗಿದೆ, ಆದ್ರೆ ಬೋಲ್ಟು ತಪ್ಪು" ಎಂದು ವಾಪಸು ಕಳಿಸಿದ್ದರು.

ಆ ಪ್ರದರ್ಶನದ ಬಹುಮಾನದ ಬೆಳ್ಳಿ ಕಪ್ಪು ಪ್ರತಿ ವರ್ಷವೂ ಹೋಗುತ್ತಿದ್ದದ್ದು ನೆವಿಲ್ ಕ್ಲೆಗ್ ಮನೆಗೆ. ಸಿರಿಲ್ ವರ್ಷವೂ ಎರಡನೆಯವನು. ಈ ಸಲ ಅದನ್ನು ಸಹಿಸಿಕೊಳ್ಳುವ ಹಾಗಿರಲಿಲ್ಲ. ಅವನ ಹೆಂಡತಿ ವಿನ್ನಿ ಬಟ್ಟೆ ಹೊಲಿಯುವವಳು, ಅದರಲ್ಲೂ ಮದುವೆಯ ಗೌನುಗಳಿಗೆ ಸುತ್ತಮುತ್ತ ಹೆಸರಾದವಳು. ಕೋಣೆಯನ್ನು ಭೂಸೇನೆ ಹಿಡಿದುಕೊಂಡಿದ್ದರಿಂದ ಗೌನುಗಳು ಅಡುಗೆಮನೆಯಲ್ಲಿ ತೂಗಾಡುತ್ತಿದ್ದವು. ಥ್ರಾಪ್ಲಿಯ ಮದುಮಗಳು ಚರ್ಚಿನೊಳಗೆ ಕಾಲಿಟ್ಟರೆ ಹುರಿದ ಬೇಕನ್ನಿನ ಘಮಕ್ಕೆ ಪಾದ್ರಿಗೇ ಹಸಿವಾಗುತ್ತಿತ್ತು.

"ಈ ಸಲ ಕಪ್ಪು ಗೆದ್ರೆ ಕೋಣೆ ನಿಂದು, ಪುಸ್ತಕಾನೂ ನಿಂದು, ಇನ್ನು ನಾನು ತುಟಿ ಬಿಚ್ಚಲ್ಲ" ಎಂದು ವಿನ್ನಿ ಹೇಳಿಬಿಟ್ಟಿದ್ದಳು. "ಸೋತ್ರೆ ನಿನ್ನ ಭೂಸೇನೆ ತೋಟದ ಶೆಡ್ಡಿಗೆ."

"ಶೆಡ್ ಸೋರುತ್ತೆ ವಿನ್ನಿ."

"ಸೈನಿಕರಲ್ವಾ, ನೆನೀಲಿ."

ಅದಕ್ಕೇ ಸಿರಿಲ್ ಈ ಸಲ ತನ್ನ ಬ್ರಹ್ಮಾಸ್ತ್ರವನ್ನು ಕಟ್ಟಿದ್ದ. ಅವನ ಹಳೆಯ ಹಸಿರು ಪುಸ್ತಕದ ನಡುವೆ ಒಂದು ಫೋಟೋ ಇತ್ತು. ಉಕ್ಕಿನ ಕವಚ ತೊಟ್ಟ ಯುದ್ಧದ ಕಾರೊಂದು ನೇರ ಎದುರಿನಿಂದ ಕಾಣುತ್ತದೆ, ಹಿಂದೆ ಬೋಳು ಇಟ್ಟಿಗೆ ಗೋಡೆ. ಕಾರಿನ ಎಡ ಮಡ್‌ಗಾರ್ಡು ನೆಗ್ಗಿದೆ. ಪಕ್ಕದಲ್ಲಿ ಟೀ ಮಗ್ಗು ಹಿಡಿದು ನಿಂತ ಚಾಲಕ. ಟೋಪಿ ಹುಬ್ಬಿನವರೆಗೆ, ಮಫ್ಲರು ಗದ್ದದವರೆಗೆ, ನಡುವೆ ಉಳಿದ ಜಾಗದಲ್ಲಿ ಕರೀ ಮೀಸೆ. ಕೆಳಗೆ ಬರೆದದ್ದು: "ನಾರ್ಮಂಡಿ. ವೈರಿಯ ಏಟು ತಿಂದರೂ ಅಳುಕದ ಚಾಲಕ." ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಕ್ಲಬ್ಬು ಅವನಿಗೆ ಸಾರ್ಜೆಂಟ್ ಮೀಸೆ ಎಂದು ನಾಮಕರಣ ಮಾಡಿ, ವರ್ಷಕ್ಕೊಮ್ಮೆ ಅವನ ಆರೋಗ್ಯಕ್ಕೆ ಬಿಯರ್ ಎತ್ತುತ್ತಿತ್ತು.

ಈ ಮೀಸೆಯ ಹಿಂದೆ ಸಿರಿಲ್ ಅರ್ಧ ಆಯುಸ್ಸು ಕಳೆದಿದ್ದ. ಪ್ರತಿ ಬೇಸಿಗೆ ರಜೆಯಲ್ಲೂ ವಿನ್ನಿಯನ್ನು ಕಟ್ಟಿಕೊಂಡು ಫ್ರಾನ್ಸಿನ ನಾರ್ಮಂಡಿಗೆ ಹೋಗಿ ಆ ಗೋಡೆ ಹುಡುಕುತ್ತಿದ್ದ. ಉಳಿದ ಹೆಂಗಸರ ಆಲ್ಬಮ್ಮಿನಲ್ಲಿ ಸಮುದ್ರ ಇರುತ್ತದೆ, ವಿನ್ನಿಯ ಆಲ್ಬಮ್ಮಿನಲ್ಲಿ ಬರೀ ಇಟ್ಟಿಗೆ.

ಪ್ರದರ್ಶನದ ದಿನ ಬೆಳಿಗ್ಗೆ ಮಾದರಿ ಸಿದ್ಧವಾಗಿತ್ತು. ವಿನ್ನಿಯ ಟೀ ಚಮಚವನ್ನು ಒಲೆಯ ಮೇಲೆ ಕಾಯಿಸಿ ಎಡ ಮಡ್‌ಗಾರ್ಡಿಗೆ ಒತ್ತಿ ಮಾಡಿದ ನೆಗ್ಗಿನ ಮುಂದೆ ಅಸಲಿ ನೆಗ್ಗು ನಾಚಿಕೊಳ್ಳಬೇಕು. ಪಕ್ಕದಲ್ಲಿ ಹೆಬ್ಬೆರಳೆತ್ತರದ ಸಾರ್ಜೆಂಟ್. ಅವನ ಮೀಸೆಯನ್ನು ಒಂದೇ ಕೂದಲಿನ ಕುಂಚದಿಂದ, ಉಸಿರು ಬಿಗಿಹಿಡಿದು ಬರೆದಿದ್ದ. ಅವನು ಅರೆಬೆಂದ ಮೊಟ್ಟೆ ಒಡೆದು ತಿನ್ನಲು ಕುಳಿತಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನೆವಿಲ್ ಕ್ಲೆಗ್, ಕಂಕುಳಲ್ಲಿ ಒಂದು ದಪ್ಪ ನೀಲಿ ಪುಸ್ತಕ, ಮುಖದಲ್ಲಿ ಸಾವಿನ ಮನೆಗೆ ಬಂದವನ ಕನಿಕರ.

"ಸಿರಿಲ್, ನಿನ್ನೆ ಈ ಹೊಸ ಪುಸ್ತಕ ಬಂತು. ನೋಡಿದ ಮೇಲೆ ಹೇಳದೇ ಇರೋಕೆ ಮನಸ್ಸು ಒಪ್ಪಲಿಲ್ಲ ಮಾರಾಯ."

ನೆವಿಲ್ ಪುಸ್ತಕವನ್ನು ಮೊಟ್ಟೆಯ ಪಕ್ಕದಲ್ಲಿ ಬಿಚ್ಚಿದ. ಅದೇ ಫೋಟೋ. ಅದೇ ಗೋಡೆ, ಅದೇ ಮಗ್ಗು, ಅದೇ ಮೀಸೆ. ಆದರೆ ನೆಗ್ಗು ಬಲ ಮಡ್‌ಗಾರ್ಡಿನ ಮೇಲಿತ್ತು.

ಸಿರಿಲ್‌ನ ಕೈಯಿಂದ ಚಮಚ ಜಾರಿ ಮೊಟ್ಟೆಯೊಳಗೆ ಮುಳುಗಿತು.

"ಯಾವುದೋ ಒಂದು ಪುಸ್ತಕದವರು ಫೋಟೋನ ಎಡ-ಬಲ ತಿರುವಿಹಾಕಿ ಅಚ್ಚು ಹಾಕಿದಾರೆ. ಯಾವುದು ಅಂತ ನಾನು ಹೇಳೋಕಾಗುತ್ತಾ?" ಎಂದ ನೆವಿಲ್. "ಮೇಜರ್ ಹತ್ರಾನೂ ಈ ಹೊಸ ಪುಸ್ತಕ ಇದೆ. ಖಂಡಿತ ಕೇಳ್ತಾರೆ. ಮೊಟ್ಟೆ ಆರುತ್ತೆ, ತಿನ್ನು."

ಇಷ್ಟು ಹೇಳಿ, ನೀಲಿ ಪುಸ್ತಕವನ್ನು ಅಲ್ಲೇ ಬಿಟ್ಟು, ಬೆಂಕಿ ಇಟ್ಟವನು ಗಾಳಿಯನ್ನೂ ಬೀಸಿ ಹೋದಂತೆ, ದಾರಿಯಲ್ಲಿ ಸಿಕ್ಕ ಕ್ಲಬ್ಬಿನವರಿಗೆಲ್ಲ ವಿಷಯ ತಿಳಿಸುತ್ತ ಹೋದ. ಅರ್ಧ ಗಂಟೆಯೊಳಗೆ ಬಟರ್‌ವರ್ತ್ ಮನೆಯ ಫೋನು ಕಾದ ಹಂಚಿನಂತೆ ಕೈಸುಡತೊಡಗಿತು. ಒಬ್ಬ "ಎಡಾನೇ, ನನ್ನ ಪ್ರಾಣ ಹೋದ್ರೂ ಎಡ" ಎಂದ. ಇನ್ನೊಬ್ಬ "ಹೊಸ ಪುಸ್ತಕದವರು ಏನು ಕಣ್ಣು ಮುಚ್ಚಿ ಹಾಕ್ತಾರಾ, ಬಲ" ಎಂದ. ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕುಳಿತು ಕುಡಿಯುತ್ತಿದ್ದ ಇಬ್ಬರು ಇನ್ನು ಮುಂದೆ ಬೇರೆ ಬೇರೆ ಪಬ್ಬಿಗೆ ಹೋಗುವುದೆಂದು ತೀರ್ಮಾನಿಸಿದರು.

ಸಿರಿಲ್ ಎರಡೂ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು ಕಣ್ಣು ಕೀಲಿಸಿದ. ಕಾರು ನೇರ ಎದುರಿನಿಂದ ತೆಗೆದದ್ದು, ಎರಡೂ ಪಕ್ಕ ಒಂದೇ ಥರ. ಕಾರಿನ ನಂಬರನ್ನು ಯುದ್ಧಕಾಲದ ಅಧಿಕಾರಿಗಳು ಗುಟ್ಟು ಬಯಲಾಗದಿರಲೆಂದು ಫೋಟೋದಿಂದ ಆಗಲೇ ಕೆರೆದು ಹಾಕಿದ್ದರು. ಗೋಡೆಯ ಮೇಲೆ ಒಂದಕ್ಷರವಿಲ್ಲ. ಮೂರು ಗಂಟೆಗೆ ತೀರ್ಪು.

ವಿನ್ನಿ ಗೌನೊಂದಕ್ಕೆ ಜರತಾರಿ ಅಂಚು ಹಚ್ಚುತ್ತಿದ್ದವಳು, ಗಂಡನ ನಿಟ್ಟುಸಿರುಗಳಿಗೆ ದಾರ ಹಾರಿಹೋಗುತ್ತಿದೆಯೆಂದು ಎದ್ದು ಬಂದಳು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಎರಡೂ ಫೋಟೋ ನೋಡಿದಳು.

"ಈ ಹಸಿರು ಪುಸ್ತಕದವನು ಹೆಂಗಸರ ಕೋಟು ಯಾಕೆ ಹಾಕ್ಕೊಂಡಿದಾನೆ?"

"ಯಾರು?"

"ನಿನ್ನ ಸಾರ್ಜೆಂಟು. ನೋಡು, ಬಲಗಡೆ ಅಂಚು ಮೇಲೆ ಬಂದಿದೆ, ಎಡಗಡೆದು ಕೆಳಗೆ. ಹೆಂಗಸರ ಕೋಟಿಗೆ ಹಂಗೆ ಗುಂಡಿ ಹಾಕೋದು. ಗಂಡಸರದು ಉಲ್ಟಾ, ಎಡಗಡೆ ಅಂಚು ಮೇಲೆ. ನೀಲಿ ಪುಸ್ತಕದಲ್ಲಿ ಸರಿಯಾಗಿದೆ."

ಸಿರಿಲ್ ತನ್ನ ಅಂಗಿ ನೋಡಿಕೊಂಡ. ಎಡ ಅಂಚು ಮೇಲೆ. ವಿನ್ನಿಯ ಸ್ವೆಟರ್ ನೋಡಿದ. ಬಲ ಅಂಚು ಮೇಲೆ. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ಅವನು ನೋಡಿಯೇ ಇರಲಿಲ್ಲ. ಟ್ಯಾಂಕುಗಳಿಗೆ ಗುಂಡಿ ಇರುವುದಿಲ್ಲ ನೋಡಿ.

"ಅಂದ್ರೆ ಹಸಿರು ಪುಸ್ತಕದ ಫೋಟೋನೇ ತಿರುಗಿರೋದು."

"ಅಷ್ಟು ಮೀಸೆ ಇಟ್ಕೊಂಡಿರೋನು ಹೆಂಗಸರ ಕೋಟು ಹಾಕ್ಕೋತಾನಾ?"

ಸಿರಿಲ್ ಎದ್ದು ಹೆಂಡತಿಯನ್ನು ತಬ್ಬಿ ಮುತ್ತು ಕೊಟ್ಟ. ತುಟಿಯಲ್ಲಿ ಸೂಜಿ ಇದ್ದದ್ದು ಮರೆತಿದ್ದ. ಸೂಜಿ ಚುಚ್ಚಿದ ಮೂಗು ಒರೆಸಿಕೊಳ್ಳುತ್ತ, "ವಿನ್ನಿ, ಪ್ರಪಂಚದಲ್ಲಿ ಯಾವ ಪಂಡಿತನೂ ಕಂಡುಹಿಡಿಯದೇ ಇದ್ದದ್ದು ನೀನು ಕಂಡುಹಿಡಿದೆ. ಕಪ್ಪು ನಮ್ಮದೇ" ಎಂದ.

"ಕೋಣೆ ಹೋಯ್ತು ಅಂತಾಯ್ತು" ಎಂದಳು ವಿನ್ನಿ. ಆದರೆ ಹೇರ್ ಡ್ರೈಯರ್ ತಂದು ಅವನ ಕೈಗೆ ಕೊಟ್ಟವಳೂ ಅವಳೇ.

ಆಮೇಲೆ ನಡೆದದ್ದನ್ನು ಶಸ್ತ್ರಚಿಕಿತ್ಸೆ ಎಂದರೆ ವೈದ್ಯರಿಗೆ ಅವಮಾನ. ಎಡ ನೆಗ್ಗಿಗೆ ತೂತು ಮುಚ್ಚುವ ಪುಟ್ಟಿ ತುಂಬಿದ. ಬಲ ಮಡ್‌ಗಾರ್ಡಿಗೆ ಕಾದ ಚಮಚ ಒತ್ತಿದ. ಗಡಿಬಿಡಿಯಲ್ಲಿ ಚಮಚ ಅತಿಯಾಗಿ ಕಾದಿತ್ತು, ಅರ್ಧ ಬಟಾಣಿಯ ಬದಲು ಇಡೀ ಬಟಾಣಿಯ ನೆಗ್ಗು ಬಿತ್ತು. ಹಸಿರು ಬಣ್ಣದ ಡಬ್ಬಿ ತೆರೆದರೆ ಒಳಗೆ ಬಣ್ಣ ಕೆನೆಗಟ್ಟಿತ್ತು. ಮೂರು ಹಸಿರು ಬೆರೆಸಿ, ಪುಸ್ತಕದ ಬಣ್ಣದ ಚಿತ್ರಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ದೇವರ ಮೇಲೆ ಭಾರ ಹಾಕಿ ಬಳಿದ. ಹೇರ್ ಡ್ರೈಯರ್ ಹಚ್ಚಿದರೆ ಬಣ್ಣ ಒಣಗಿತು, ಒಳಗಿನ ಪುಟ್ಟಿ ಮಾತ್ರ ಮುದ್ದೆಯಾಗಿಯೇ ಉಳಿಯಿತು. ಒಲೆಯ ಗೂಡಿನಲ್ಲಿ ಒಂದು ನಿಮಿಷ ಇಡೋಣವೆಂದರೆ ಅಲ್ಲಿ ವಿನ್ನಿಯ ಮಾಂಸದ ಕಡುಬು ಬೇಯುತ್ತಿತ್ತು. ಕಾರು ಹೊರಗೆ ಬಂದಾಗ ಈರುಳ್ಳಿ ವಾಸನೆ ಹೊಡೆಯುತ್ತಿತ್ತು, ಕಡುಬು ಬಣ್ಣದ ವಾಸನೆ.

ಆ ವಾಸನೆಗೆ ಬೇಲಿಯ ಮೇಲಿಂದ ಒಂದು ತಲೆ ಇಣುಕಿತು. ಪಕ್ಕದ ಮನೆಯ ಮಿಸೆಸ್ ಎಡ್ನಾ ಪಿಕರ್ಸ್‌ಗಿಲ್. ಎಪ್ಪತ್ತು ದಾಟಿದರೂ ಸಣ್ಣ ಕೆಂಪು ಕಾರನ್ನು ಬಿರುಗಾಳಿಯಂತೆ ಓಡಿಸುವ ವಿಧವೆ. ಎರಡೂ ಮನೆಗೆ ಒಂದೇ ದಾರಿ. ಆ ದಾರಿಯ ಗೇಟಿನ ಕಂಬ, ಸಿರಿಲ್‌ನ ಕಾರು, ಒಮ್ಮೆ ಪಾದ್ರಿಯ ಸೈಕಲ್ಲು, ಎಲ್ಲವೂ ಆಕೆಯ ಪರಾಕ್ರಮ ಕಂಡಿದ್ದವು. ಸಿರಿಲ್‌ನ ಕಾರಿನ ಎಡ ಮಡ್‌ಗಾರ್ಡು ಆಕೆಯಿಂದಾಗಿಯೇ ಸೊಟ್ಟಗಾಗಿ ಎಷ್ಟೋ ವರ್ಷವಾಗಿತ್ತು. ರಿಪೇರಿ ಮಾಡಿಸಿದಷ್ಟೂ ಮತ್ತೆ ಅಲ್ಲಿಗೇ ಗುದ್ದುತ್ತಾರೆಂದು ಅವನು ಬಿಟ್ಟುಬಿಟ್ಟಿದ್ದ.

"ಏನು ಸುಡ್ತಿದೀಯ ಕಂದಾ? ಕಾರಿನ ಬಣ್ಣನಾ? ಆ ವಾಸನೆಗೆ ನನಗೆ ಹಳೇದೆಲ್ಲಾ ನೆನಪಾಗುತ್ತೆ. ಆ ಕಾಲದಲ್ಲಿ ನಾನು..."

"ಆಮೇಲೆ ಹೇಳಿ, ಮಿಸೆಸ್ ಪಿಕರ್ಸ್‌ಗಿಲ್. ಕೈಯಲ್ಲಿ ಜೀವ ಹಿಡ್ಕೊಂಡಿದೀನಿ" ಎಂದ ಸಿರಿಲ್. ಈ "ಆಮೇಲೆ" ಎಂಬ ಮಾತನ್ನು ಅವನು ಆ ಬೇಲಿಯ ಮೇಲೆ ಎಷ್ಟು ಸಲ ಹೇಳಿದ್ದನೆಂದರೆ ಹಲಗೆಗಳಿಗೂ ಬಾಯಿಪಾಠವಾಗಿತ್ತು.

ಎರಡು ಗಂಟೆ ದಾಟಿದ ಮೇಲೆ, ವಿನ್ನಿಯ ತೊಡೆಯ ಮೇಲೆ ಮಾದರಿಯ ಪೆಟ್ಟಿಗೆ, ಹಿಂದಿನ ಸೀಟಿನಲ್ಲಿ ಎರಡು ಪುಸ್ತಕ, ಸಿರಿಲ್ ಕಾರು ಹೊರಡಿಸಿದ. ಗೇಟಿನವರೆಗೆ ಬಂದರೆ ದಾರಿಯ ಅರ್ಧಕ್ಕೆ ಕೆಂಪು ಕಾರು. ಮಿಸೆಸ್ ಪಿಕರ್ಸ್‌ಗಿಲ್ ಹೊರಡುವ ಅವಸರದಲ್ಲಿ ಎಡಗಂಬಕ್ಕೆ ಗುದ್ದಿ, ಕಾರಿನ ಮೂತಿಯನ್ನು ಕಂಬಕ್ಕೆ ಸಿಕ್ಕಿಸಿಕೊಂಡು, ಪಕ್ಕದಲ್ಲಿ ಬನ್ನುಗಳ ಬುಟ್ಟಿ ಹಿಡಿದು ನಿಂತಿದ್ದರು. ಪ್ರದರ್ಶನದ ಟೀ ಅಂಗಡಿ ಅವರದೇ. ಮಾದರಿಗಳ ಕಡೆ ಅವರು ಎಂದೂ ತಿರುಗಿ ನೋಡಿದವರಲ್ಲ, ಟೀ ಹಂಡೆಯ ಹಿಂದಿನಿಂದ ಏಳಲು ಪುರುಸೊತ್ತು ಸಿಕ್ಕರೆ ತಾನೇ.

"ನನ್ನನ್ನೂ ಕರ್ಕೊಂಡು ಹೋಗು ಕಂದಾ. ಬನ್ನು ಬಿಸಿಯಾಗಿದೆ, ಈಗಷ್ಟೇ ಬೇಕರಿಯಿಂದ ತಂದೆ."

ಸಿರಿಲ್ ಹುಲ್ಲಿನ ಮೇಲೆ ಎರಡು ಚಕ್ರ ಹತ್ತಿಸಿ ಹೇಗೋ ಪಾರಾದ. ದಾರಿಯುದ್ದಕ್ಕೂ ಬಾಯಲ್ಲಿ ಭಾಷಣ ಅಭ್ಯಾಸ ಮಾಡುತ್ತಿದ್ದ. "ಮೇಜರ್ ಸಾಹೇಬರೇ, ಚಾಲಕನ ಕೋಟಿನ ಗುಂಡಿಗಳ ಕಡೆ ದಯವಿಟ್ಟು ಗಮನ ಕೊಡಿ..."

"ಯಾವ ಚಾಲಕ?" ಎಂದರು ಹಿಂದಿನಿಂದ ಮಿಸೆಸ್ ಪಿಕರ್ಸ್‌ಗಿಲ್.

"ಯುದ್ಧದ ವಿಷಯ. ನಿಮಗೆ ಬೇಜಾರಾಗುತ್ತೆ."

"ಓ" ಎಂದು ಆಕೆ ಬನ್ನುಗಳ ಮೇಲೆ ಬಟ್ಟೆ ಸರಿಮಾಡಿದರು. ಬುಟ್ಟಿಯನ್ನು ಇಟ್ಟದ್ದು ನೀಲಿ ಪುಸ್ತಕದ ಮೇಲೆಯೇ.

ಪ್ರದರ್ಶನದ ಹಾಲಿನೊಳಗೆ ಕಾಲಿಡುವ ಹೊತ್ತಿಗೆ ಎಡದವರು ಎಡಗಡೆ ಗೋಡೆಗೆ, ಬಲದವರು ಬಲಗಡೆ ಗೋಡೆಗೆ ಒರಗಿ ನಿಂತಿದ್ದರು. ನಡುವಿನ ದಾರಿಯಲ್ಲಿ ಸಿರಿಲ್ ಮದುವಣಿಗನಂತೆ ನಡೆದು ಮಾದರಿಯನ್ನು ಮೇಜಿನ ಮೇಲಿಟ್ಟು, ಎರಡೂ ಪುಸ್ತಕಗಳನ್ನು ತೆರೆದಿಟ್ಟ. ಪಕ್ಕದ ಮೇಜಿನಲ್ಲಿ ನೆವಿಲ್ ತನ್ನ ಎಂದಿನ ಬೂದು ಟ್ಯಾಂಕಿಗೆ ಎಂದಿನಂತೆ ಧೂಳು ಒರೆಸುತ್ತಿದ್ದ.

"ಬಲಕ್ಕೆ ಬದಲಾಯಿಸಿದ್ಯಾ? ಧೈರ್ಯವಂತ ನೀನು" ಎಂದ.

ಮೇಜರ್ ಟಾಲಿವರ್ ಬಂದರು. ಸೈನ್ಯದಲ್ಲಿ ಅವರು ಕಂಬಳಿಗಳ ಉಗ್ರಾಣ ನೋಡಿಕೊಂಡವರು, ಆದರೆ ಭೂತಗನ್ನಡಿ ಹಿಡಿದರೆ ಚಕ್ರವರ್ತಿ. ಹಸಿರು ಪುಸ್ತಕ ನೋಡಿದರು. ನೀಲಿ ಪುಸ್ತಕ ನೋಡಿದರು. ಮಾದರಿಯನ್ನು ಮೂಸಿ ನೋಡಿ, "ಈರುಳ್ಳಿ?" ಎಂದರು.

"ಹೊಸ ಥರದ ಬಣ್ಣ" ಎಂದ ಸಿರಿಲ್.

"ಪುಸ್ತಕಗಳು ಎರಡು ಮಾತಾಡ್ತಿವೆ, ಬಟರ್‌ವರ್ತ್. ನೀವು ಬಲ ಅಂತೀರಿ. ಯಾಕೆ?"

ಆಗ ಸಿರಿಲ್ ಮಾಡಿದ ಭಾಷಣವನ್ನು ಕೇಳಿದವರು ಇಂದಿಗೂ ಮರೆತಿಲ್ಲ. ಬಲ ಅಂಚು, ಎಡ ಅಂಚು, ಹೆಂಗಸರ ಪದ್ಧತಿ, ಗಂಡಸರ ಪದ್ಧತಿ. ಹಾಲಿನಲ್ಲಿದ್ದ ಗಂಡಸರೆಲ್ಲ ಕತ್ತು ಬಗ್ಗಿಸಿ ತಮ್ಮ ತಮ್ಮ ಅಂಗಿ ನೋಡಿಕೊಂಡರು. ಒಬ್ಬ ಅಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಹೆಂಡತಿಯ ಸ್ವೆಟರ್ ಹಾಕಿಕೊಂಡು ಬಂದದ್ದು ಆಗ ಗೊತ್ತಾಯಿತು. ಮೇಜರ್ ಭೂತಗನ್ನಡಿಯನ್ನು ಫೋಟೋದ ಗುಂಡಿಗಳ ಮೇಲೆ ಹಿಡಿದು ಬಹಳ ಹೊತ್ತು ನಿಂತರು.

"ಗುಂಡಿಯೇ ಸಾಕ್ಷಿ. ಒಪ್ಪಿದೆ" ಎಂದರು. "ನನ್ನ ಜನ್ಮದಲ್ಲಿ ಇಂಥ ಸಂಶೋಧನೆ ಕಂಡಿಲ್ಲ."

ನೆವಿಲ್‌ನ ಮುಖ ಅವನ ಟ್ಯಾಂಕಿನ ಬಣ್ಣಕ್ಕೆ ತಿರುಗಿತು. ಎಡದವರೊಬ್ಬೊಬ್ಬರೇ ನೆಲ ನೋಡುತ್ತ ಬಲಗಡೆ ಗೋಡೆಗೆ ಬಂದರು. ಸಿರಿಲ್‌ನ ಕಣ್ಣ ಮುಂದೆ ಕೋಣೆ ಬೆಳಗಿತು, ಪುಸ್ತಕಗಳು ಬೆನ್ನು ನೆಟ್ಟಗೆ ಮಾಡಿ ಸೆಲ್ಯೂಟ್ ಹೊಡೆದವು. ಮೇಜರ್ ಕಪ್ಪಿನ ಕಡೆ ಕೈ ಚಾಚಿಯೂ ಆಗಿತ್ತು.

"ಭಾಷಣ ಮಾಡಿ ಗಂಟಲು ಒಣಗಿರುತ್ತೆ, ಕುಡಿ ಕಂದಾ" ಎನ್ನುತ್ತ ಮಿಸೆಸ್ ಪಿಕರ್ಸ್‌ಗಿಲ್ ಟೀ ತಟ್ಟೆ ಹಿಡಿದು ಬಂದರು. ತಟ್ಟೆ ಇಡಲು ಪುಸ್ತಕ ಸರಿಸಿದವರು ಅಲ್ಲೇ ನಿಂತುಬಿಟ್ಟರು.

"ಅಯ್ಯೋ ದೇವರೇ, ಇದ್ಯಾರು ನನ್ನ ಫೋಟೋ ತಂದು ಇಲ್ಲಿ ಇಟ್ಟಿದ್ದು?"

ಗೋಡೆಗೆ ಒರಗಿದ್ದವರೆಲ್ಲ ಕತ್ತು ಉದ್ದ ಮಾಡಿದರು.

"ಇದು ನಾರ್ಮಂಡಿ, ಮಿಸೆಸ್ ಪಿಕರ್ಸ್‌ಗಿಲ್" ಎಂದ ಸಿರಿಲ್ ಮೆಲ್ಲಗೆ, ಮಗುವಿಗೆ ಹೇಳುವಂತೆ.

"ಎಲ್ಲಿಯ ನಾರ್ಮಂಡಿ? ಇದು ನಮ್ಮೂರ ಬೇಕರಿ ಗೋಡೆ. ನಾನು ಆಗ ಸೈನ್ಯದ ಹೆಂಗಸರ ಪಡೆಯಲ್ಲಿ ಡ್ರೈವರ್. ರೈಲಿನಲ್ಲಿ ಬಂದಿಳಿದ ಗಾಡಿಗಳನ್ನ ಠಾಣ್ಯಕ್ಕೆ ಓಡಿಸಿ ಮುಟ್ಟಿಸೋ ಕೆಲಸ. ಇದನ್ನ ತಿರುವಿನಲ್ಲಿ ಬೇಕರಿಗೆ ಗುದ್ದಿಬಿಟ್ಟೆ. ಬೇಕರಿಯವನೇ ಪಾಪ ಟೀ ಕೊಟ್ಟ. ಯಾರೋ ಪೇಪರಿನವನು ಬಂದು ಫೋಟೋ ಹೊಡ್ಕೊಂಡ."

"ಮೀಸೆ?" ಎಂದರು ಮೇಜರ್. ಅವರ ಧ್ವನಿ ಬಾವಿಯಿಂದ ಬಂದಂತಿತ್ತು.

"ಎಲ್ಲಿ ಮೀಸೆ?" ಆಕೆ ಬಗ್ಗಿ ನೋಡಿದರು. "ಇದಾ? ಗ್ರೀಸು. ಬಾನೆಟ್ ಎತ್ತಿ ನೋಡಿ ಮೂಗು ಒರೆಸ್ಕೊಂಡೆ. ಫೋಟೋ ತೆಗೆಯೋನು ಒಂದು ಮಾತು ಹೇಳ್ಬಾರದಾ?" ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೆಬ್ಬೆರಳೆತ್ತರದ ಸಾರ್ಜೆಂಟನನ್ನು ಕಂಡು ಎತ್ತಿಕೊಂಡರು. "ಇದು ನಾನಾ ಸಿರಿಲ್? ಎಷ್ಟು ಮುದ್ದಾಗಿ ಮಾಡಿದೀಯ. ಮೀಸೆ ಒಂದು ಕೆರೆದು ಬಿಡು."

ಸಿರಿಲ್ ಕುರ್ಚಿ ಹಿಡಿದುಕೊಂಡ. "ಇಷ್ಟು ವರ್ಷ ಪಕ್ಕದ ಮನೆಯಲ್ಲಿದ್ದು ಒಂದು ದಿನಾನೂ ಹೇಳಲಿಲ್ಲವಲ್ಲ."

"ಹೇಳೋಕೆ ಬಂದಾಗೆಲ್ಲ ಆಮೇಲೆ ಹೇಳಿ ಅಂದೆ. ನಾನು ಕಾಯ್ತಾನೇ ಇದ್ದೆ ಕಂದಾ."

ವಿನ್ನಿ, "ಹಂಗಾದ್ರೆ ನಾನು ಇಷ್ಟು ವರ್ಷ ಫ್ರಾನ್ಸಿನಲ್ಲಿ ನೋಡಿದ ಗೋಡೆಗಳು?" ಎಂದಳು.

ಆ ಪ್ರಶ್ನೆ ಕೇಳಿ ಗಂಡಸರೆಲ್ಲ ಕಿಟಕಿಯಾಚೆ ಬೀದಿ ನೋಡಿದರು. ಅದರ ಉತ್ತರ ಅವರು ದಿನವೂ ಬ್ರೆಡ್ಡು ತರುವ ದಾರಿಯಲ್ಲಿತ್ತು.

ಮೇಜರ್ ಭೂತಗನ್ನಡಿ ಒರೆಸಿಕೊಂಡರು. "ಮೇಡಂ, ಒಂದೇ ಪ್ರಶ್ನೆ. ಕೋಟು?"

"ಹೆಂಗಸರ ಪಡೆಯ ಕೋಟು. ಹೆಂಗಸರ ಗುಂಡಿ."

"ನೆಗ್ಗು ಯಾವ ಕಡೆ?"

"ಎಡಗಡೆ. ಅವತ್ತಿನಿಂದ ಇವತ್ತಿನವರೆಗೂ ನಾನು ಗುದ್ದೋದು ಎಡಗಡೆಯೇ. ಆ ಕಡೆ ಅಂದಾಜೇ ಸಿಗಲ್ಲ ನನಗೆ. ಬೇಕಾದ್ರೆ ಹೊರಗೆ ಸಿರಿಲ್ ಕಾರು ನಿಂತಿದೆ, ನೋಡಿ."

ಬೇರೆ ಯಾರಾದರೂ ಆಗಿದ್ದರೆ ಮೇಜರ್, "ಪುಸ್ತಕದಲ್ಲಿದೆಯೇ?" ಎಂದು ಕೇಳಿ ಅಟ್ಟಿಬಿಡುತ್ತಿದ್ದರು. ಆದರೆ ಇದು ಪುಸ್ತಕದಲ್ಲೇ ಇತ್ತು. ಹಸಿರು ಪುಸ್ತಕದಲ್ಲಿ ಹೆಂಗಸರ ಗುಂಡಿ, ಎದುರಿಗೆ ಜೀವಂತ ಹೆಂಗಸು. ಗುಂಡಿಯೇ ಸಾಕ್ಷಿ ಎಂದು ಈಗಷ್ಟೇ ಸಿರಿಲ್ ಒಪ್ಪಿಸಿದ್ದ, ಅವರು ಒಪ್ಪಿದ್ದರು. ಬಲಗಡೆ ಗೋಡೆಗೆ ಬಂದಿದ್ದ ಎಡದವರು ಮತ್ತೆ ಎಡಗಡೆಗೆ ಹೊರಟರು, ಈ ಸಲ ಬಲದವರನ್ನೂ ಕರೆದುಕೊಂಡು.

"ಸಾಹೇಬರೇ" ಎಂದು ಸಿರಿಲ್ ಗೋಗರೆದ. "ಎಡ ನೆಗ್ಗು ಇದೆ. ಇವತ್ತು ಬೆಳಿಗ್ಗೆ ಮೊಟ್ಟೆ ತಿನ್ನೋವರೆಗೂ ಇತ್ತು. ಪುಟ್ಟಿ ಕೆಳಗೆ ಈಗಲೂ ಇದೆ."

"ಎಲ್ಲಿ?" ಎಂದು ಮೇಜರ್ ಎಡ ಮಡ್‌ಗಾರ್ಡಿನ ಮೇಲೆ ಹೆಬ್ಬೆರಳು ಊರಿದರು.

ಮೇಲ್ಗಡೆಯ ಬಣ್ಣ ಒಣಗಿತ್ತು. ಒಳಗಿನ ಪುಟ್ಟಿ ಬೆಳಗಿನಿಂದಲೂ ಮುದ್ದೆ. ಹೆಬ್ಬೆರಳು ಮೃದುವಾಗಿ ಒಳಗಿಳಿಯಿತು. ಕಿತ್ತುಕೊಂಡಾಗ ಎಡ ಮಡ್‌ಗಾರ್ಡಿನಲ್ಲಿ ಬಲಗಡೆಯದಕ್ಕಿಂತ ದೊಡ್ಡ ನೆಗ್ಗು ಬಿದ್ದಿತ್ತು, ಒಳಗೆ ಮೇಜರ್ ಟಾಲಿವರ್ ಅವರ ಬೆರಳಚ್ಚು.

"ಎರಡೂ ಕಡೆ ನೆಗ್ಗು" ಎಂದರು ಮೇಜರ್, ಬೆರಳನ್ನು ಕರ್ಚೀಫಿಗೆ ಒರೆಸುತ್ತ. ಅವರ ಕಣ್ಣಲ್ಲಿ ನಿಜವಾದ ದುಃಖವಿತ್ತು. "ಇದು ಯಾವ ಪುಸ್ತಕದಲ್ಲೂ ಇಲ್ಲ, ಬಟರ್‌ವರ್ತ್."

ಕಪ್ಪು ನೆವಿಲ್‌ಗೆ ಹೋಯಿತು. ಅವನ ಮನೆಯ ದಾರಿ ಅದಕ್ಕೆ ಕಣ್ಣು ಕಟ್ಟಿದರೂ ಗೊತ್ತಿತ್ತು. ನೆವಿಲ್ ಸಿರಿಲ್‌ನ ಭುಜ ತಟ್ಟಿ, "ನಿನ್ನ ಒಳ್ಳೇದಕ್ಕೇ ಬಂದಿದ್ದೆ ಮಾರಾಯ ಬೆಳಿಗ್ಗೆ" ಎಂದ. ಪಾಪ, ಅದರಲ್ಲಿ ಅರ್ಧ ನಿಜವೂ ಇತ್ತು. ಮಿಸೆಸ್ ಪಿಕರ್ಸ್‌ಗಿಲ್ ಅವರ ಸುತ್ತ ಮಾತ್ರ ಜಾತ್ರೆ. ಕ್ಲಬ್ಬಿನ ಗಂಡಸರೆಲ್ಲ ತಮ್ಮ ತಮ್ಮ ಪುಸ್ತಕ ಹಿಡಿದು ಆಕೆಯ ಸಹಿ ಕೇಳುತ್ತಿದ್ದರು. ಸಾರ್ಜೆಂಟ್ ಮೀಸೆಯ ಆರೋಗ್ಯಕ್ಕೆ ಎಷ್ಟೋ ವರ್ಷ ಬಿಯರ್ ಎತ್ತಿದ್ದವರು, ಅದು ಫಲಿಸಿದ್ದನ್ನು ಕಣ್ಣಾರೆ ಕಂಡು ಹಿಗ್ಗಿದ್ದರು.

ಮನೆಗೆ ವಾಪಸು ಹೊರಟು ಗೇಟು ಹತ್ತಿರ ಬಂದಾಗ ವಿನ್ನಿ, "ಶೆಡ್ಡಿಗೆ ಟಾರ್ಪಾಲು ಹೊಲಿದು ಕೊಡ್ತೀನಿ. ನಿನ್ನ ಭೂಸೇನೆ ಮೇಲೆ ಒಂದು ಹನಿ ಬೀಳಲ್ಲ" ಎಂದಳು.

"ಮುಚ್ಚೋಕೆ ಗುಂಡಿ ಇಡ್ತೀಯಾ?"

"ಇಡ್ತೀನಿ. ಯಾವ ಕಡೆ ಇಡ್ಲಿ, ನೀನೇ ಹೇಳು."

ಸಿರಿಲ್‌ಗೆ ನಗು ಬಂತು. ಆ ದಿನ ಮೊದಲ ಸಲ.

ಕಾರನ್ನು ಮನೆಯ ಮುಂದೆ ನಿಲ್ಲಿಸಿ ಇಳಿದ. ಹಿಂದಿನ ಸೀಟಿನಿಂದ ಇಳಿದ ಮಿಸೆಸ್ ಪಿಕರ್ಸ್‌ಗಿಲ್ ತಮ್ಮ ಕೆಂಪು ಕಾರನ್ನು ಕಂಬದಿಂದ ಬಿಡಿಸಲು ಹೊರಟರು. ಹಾಲಿನಲ್ಲಿ ಅಷ್ಟು ಜನರೆದುರು ತನ್ನ ಎಡಗಡೆಯ ಅವಗುಣ ಬಯಲಾದದ್ದು ಆಕೆಗೆ ಸ್ವಲ್ಪ ನಾಟಿತ್ತು.

"ನೋಡು ಕಂದಾ, ಇವತ್ತು ಎಡಗಡೆಯಿಂದ ಕಣ್ಣೇ ಕೀಳಲ್ಲ ನಾನು" ಎಂದು ಕಿಟಕಿಯಿಂದ ತಲೆ ಹಾಕಿ ಹೇಳಿ, ಎಡಗಡೆಯನ್ನೇ ದಿಟ್ಟಿಸುತ್ತ, ಹಿಮ್ಮುಖವಾಗಿ ಬಿರುಗಾಳಿಯಂತೆ ಬಂದರು. ಎಡಗಡೆ ಒಂದು ಹುಲ್ಲೂ ಬಾಗಲಿಲ್ಲ. ಬಲಗಡೆಯಿಂದ ಡಬ್ ಎಂದು ಶಬ್ದ ಬಂತು.

ಅದು ಸಿರಿಲ್‌ನ ಕಾರಿನ ಬಲ ಮಡ್‌ಗಾರ್ಡು.

ಆಕೆ ಇಳಿದು ಬಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. "ಸಿಟ್ಟಾಯ್ತಾ ಕಂದಾ?"

ಸಿರಿಲ್ ಪೆಟ್ಟಿಗೆಯಿಂದ ಮಾದರಿಯನ್ನು ತೆಗೆದು ಕಾರಿನ ಬಾನೆಟ್ಟಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಮಾದರಿಯಲ್ಲಿ ಎಡಕ್ಕೂ ನೆಗ್ಗು, ಬಲಕ್ಕೂ ನೆಗ್ಗು. ಕಾರಿನಲ್ಲಿ ಎಡಕ್ಕೂ ನೆಗ್ಗು, ಬಲಕ್ಕೂ ನೆಗ್ಗು. ಗುದ್ದಿದ ಕೈಯೂ ಅದೇ. ಅವನು ಕಟ್ಟಿದ ಮಾದರಿಯೊಂದು ಅಸಲಿಗೆ ಇಷ್ಟು ಕರಾರುವಾಕ್ಕಾಗಿ ಹೊಂದಿಕೊಂಡದ್ದು ಅದೇ ಮೊದಲು.

"ಮಿಸೆಸ್ ಪಿಕರ್ಸ್‌ಗಿಲ್, ಅಲ್ಲೇ ಪಕ್ಕದಲ್ಲಿ ನಿಂತ್ಕೊಳ್ಳಿ. ವಿನ್ನಿ, ಅವರ ಕೈಗೊಂದು ಟೀ ಮಗ್ಗು ಕೊಡು. ಹಂಗೇ ಕ್ಯಾಮೆರಾನೂ ತಾ."

ಆಕೆ ಕೂದಲು ಸರಿಮಾಡಿಕೊಂಡು, ಮೂಗಿನ ಕೆಳಗೆ ಏನಾದರೂ ಹತ್ತಿದೆಯೇ ಎಂದು ಎರಡು ಸಲ ಒರೆಸಿಕೊಂಡು ನಿಂತರು. ವಿನ್ನಿ ಕ್ಯಾಮೆರಾ ಗಂಡನ ಕೈಗಿಟ್ಟು, "ಈ ಸಲ ಫೋಟೋ ಹಿಂದೆ ಎಡ ಯಾವುದು ಬಲ ಯಾವುದು ಅಂತ ಬರೆದಿಡು" ಎಂದಳು.

"ಯಾಕೆ ಬರೀಬೇಕು?" ಎಂದ ಸಿರಿಲ್, ಒಂದು ಕಣ್ಣು ಮುಚ್ಚಿಕೊಂಡು. "ಇದನ್ನ ಪುಸ್ತಕದವರು ಹೆಂಗೆ ತಿರುವಿಹಾಕಿ ಅಚ್ಚು ಹಾಕಿದ್ರೂ ಸರಿಯಾಗೇ ಬರುತ್ತೆ."